ಉಳಿದವರ ಕಲ್ಲು

ಆವತ್ತು ಬೆಳಿಗ್ಗೆ ನಾನು ಶ್ರೀಕಂಠಪ್ಪ ಅನ್ನುವ ಹೆಸರಿನ ‘ಕಂ’ ತುಂಬಿ ಮುಗಿಸಿ ‘ಠ’ಕ್ಕೆ ಬಂದಿದ್ದೆ. ಠ ತುಂಬುವುದು ಸುಲಭ. ದುಂಡಗಿದೆ, ನಡುವೆ ಒಂದು ಚುಕ್ಕೆ, ಚಮಚದ ಹಿಡಿಯಿಂದ ಸುಣ್ಣವನ್ನು ಒಂದು ಸುತ್ತು ಒತ್ತಿದರೆ ಮುಗಿಯಿತು. ಕಾಟ ಕೊಡುವುದು ಒತ್ತಕ್ಷರಗಳು. ‘ಶ್ರೀ’ ಒಂದಕ್ಕೇ ಅರ್ಧ ಗಂಟೆ ಹಿಡಿದಿತ್ತು. ಹೆಸರಿನ ಒಡೆಯ ಶ್ರೀಕಂಠಪ್ಪ ಪಕ್ಕದ ಕಲ್ಲಿನ ಮೇಲೆ ಕೂತು, ಬಿಸಿಲಿಲ್ಲದಿದ್ದರೂ ಕೊಡೆ ಬಿಚ್ಚಿ ಮುಖ ಮರೆ ಮಾಡಿಕೊಂಡು, ನಾನು ಅವನನ್ನು ಮುಚ್ಚುವುದನ್ನೇ ನೋಡುತ್ತಿದ್ದ.

“ಕೊನೇ ಪ್ಪ ಕೂಡ ಪೂರ್ತಿ ಮುಚ್ಚಿ ತಾಯಿ. ಬರೀ ಪ್ಪ ಉಳಿದರೂ ಜನ ಕಂಡುಹಿಡೀತಾರೆ,” ಅಂದ.

“ಈ ಊರಲ್ಲಿ ಪ್ಪ ಇಲ್ಲದ ಗಂಡಸು ಯಾರಿದ್ದಾರೆ ಅಣ್ಣಾ,” ಅಂದೆ.

ಅವನಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

ನಮ್ಮೂರಲ್ಲಿ ಸಮಾಧಿ ಕಲ್ಲಿನ ಮೇಲೆ ಸತ್ತವರ ಹೆಸರು ಬರೆಯುವುದಿಲ್ಲ. ಉಳಿದವರ ಹೆಸರು ಬರೆಯುತ್ತಾರೆ. ತಾನು ಹೋದಮೇಲೆ ತನ್ನವರಾಗಿ ಯಾರು ಯಾರು ಉಳಿಯುತ್ತಾರೆ ಅನ್ನುವ ಪಟ್ಟಿಯನ್ನು ಒಬ್ಬೊಬ್ಬರೂ ಬದುಕಿರುವಾಗಲೇ ಕಲ್ಲುಕುಟಿಗ ಮೌನೇಶಪ್ಪನ ಹತ್ತಿರ ಹೇಳಿ ಬರೆಸಿಟ್ಟಿರುತ್ತಾರೆ. ಅದನ್ನು ಮನೆಯವರು ತಿದ್ದುವ ಹಾಗಿಲ್ಲ. ಪಟ್ಟಿಯಲ್ಲಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡ ಹಾಗೆ ಅವರ ಹೆಸರಿನ ಅಕ್ಷರಗಳಲ್ಲಿ ಸುಣ್ಣದ ಗಾರೆ ತುಂಬಿ ಮಟ್ಟ ಮಾಡುವುದು ಪದ್ಧತಿ. ಕೊನೆಯ ಹೆಸರೂ ತುಂಬಿತೆಂದರೆ ಕಲ್ಲನ್ನು ಎತ್ತಿ ಯಾರಾದರೂ ಬಟ್ಟೆ ಒಗೆಯಲು ಒಯ್ಯುತ್ತಾರೆ. ನಮ್ಮ ಹಿತ್ತಿಲಿನ ಒಗೆಯುವ ಕಲ್ಲಿನಲ್ಲಿ ಹನ್ನೊಂದು ಜನ ಇದ್ದಾರೆ. ಎಲ್ಲರೂ ಈಗ ನುಣ್ಣಗಾಗಿದ್ದಾರೆ.

ತುಂಬುವ ಕೆಲಸ ಹೆಂಗಸರದು. ನನಗೆ ಕಲಿಸಿದವಳು ಹಾಲವ್ವ ಅನ್ನುವ ಮುದುಕಿ. ಸುಣ್ಣ ಮೂರು ದಿನ ನೆನೆಹಾಕು, ಮರಳು ಜರಡಿ ಹಿಡಿ, ಅಂಟು ಬರಲಿಕ್ಕೆ ಬೆಲ್ಲದ ನೀರು ಬೆರೆಸು, ಕೈಗೆ ಎಣ್ಣೆ ಹಚ್ಚಿಕೋ, ತುಂಬುವಾಗ ಹೆಸರು ಓದಬೇಡ, ಇಷ್ಟೇ ಅವಳ ಪಾಠ. ಕೊನೆಯದೊಂದನ್ನು ನಾನು ಯಾವತ್ತೂ ಪಾಲಿಸಲಿಲ್ಲ. ಬೆಲ್ಲದ ವಾಸನೆಗೆ ಇರುವೆ ಬರುತ್ತಿದ್ದವು. ಹಾಲವ್ವ ಅದನ್ನು ಒಳ್ಳೆಯ ಶಕುನ ಅನ್ನುತ್ತಿದ್ದಳು. ಸತ್ತವರ ಪಾಲಿನ ಸಿಹಿ ಯಾರಿಗಾದರೂ ಸೇರಲಿ ಅಂತ. ಸತ್ತವರಿಂದ ದೂರು ಬಂದದ್ದಿಲ್ಲ.

ಊರಿನ ಎಲ್ಲ ಸಂಗತಿಯೂ ಹೀಗೆ ಸ್ಮಶಾನದಲ್ಲಿ ಬಿಸಿಲು ಕಾಯಿಸಿಕೊಂಡು ಬಿದ್ದಿರುತ್ತಿತ್ತು. ಹೆಣ್ಣು ನೋಡಲು ಬರುವವರು ಮೊದಲು ಹುಡುಗಿಯ ಅಜ್ಜಿಯ ಕಲ್ಲು ಓದಿ ಆಮೇಲೆ ಮನೆಗೆ ಉಪ್ಪಿಟ್ಟಿಗೆ ಬರುತ್ತಿದ್ದರು. ವಿಳಾಸ ತಿಳಿಯದ ಕಾಗದ ಬಂದರೆ ಅಂಚೆಯವನು ಸೈಕಲ್ ತಿರುಗಿಸುತ್ತಿದ್ದದ್ದು ಅಲ್ಲಿಗೇ. ಯಾರಿಗೂ ಇದರಲ್ಲಿ ತಪ್ಪು ಕಂಡಿರಲಿಲ್ಲ, ಖಾಸಗಿ ಮಾಹಿತಿ ರಕ್ಷಣಾ ಕಚೇರಿ ಬರುವವರೆಗೆ.

ಆ ಕಚೇರಿಯನ್ನು ಜನ ಮರೆ ಕಚೇರಿ ಅಂತ ಕರೆದರು. ಅದರ ಅಧಿಕಾರಿ ಇಂದುಧರ ಒಳ್ಳೆಯ ಮನುಷ್ಯ. ಊಟದ ಡಬ್ಬಿಗೂ ಎಡಗೈ ಅಡ್ಡ ಹಿಡಿದೇ ಉಣ್ಣುವವನು. ಮೊದಲ ದಿನ ಸ್ಮಶಾನ ನೋಡಿ ಬಂದವನಿಗೆ ಜ್ವರ ಬಂತಂತೆ. ಬದುಕಿರುವವರ ಹೆಸರು, ಸಂಬಂಧ, ಮನೆತನ ಎಲ್ಲ ಬಯಲಲ್ಲಿ, ಅದೂ ಕಲ್ಲಿನಲ್ಲಿ. ವಾರದೊಳಗೆ ನಿಯಮ ಹೊರಟಿತು. ಬದುಕಿರುವ ಯಾರೇ ಆಗಲಿ ಅರ್ಜಿ ಕೊಟ್ಟರೆ ಅವರ ಹೆಸರನ್ನು ಕಲ್ಲಿನಿಂದ ಮರೆ ಮಾಡಿಕೊಡಲಾಗುವುದು. ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಮನೆ, ಯಾರ ಕಲ್ಲು, ಎಷ್ಟನೇ ಸಾಲು, ಸತ್ತವರಿಗೂ ತಮಗೂ ಏನು ಸಂಬಂಧ, ಮರೆ ಮಾಡಲು ಕಾರಣವೇನು, ಇಷ್ಟೂ ಬರೆಯಬೇಕು. ಆಕ್ಷೇಪಣೆ ಇದ್ದವರಿಗೆ ತಿಳಿಯಲಿ ಅಂತ ಆ ಅರ್ಜಿಯನ್ನು ಮೂವತ್ತು ದಿನ ಕಚೇರಿಯ ಹೊರಗಿನ ಹಲಗೆಗೆ ಅಂಟಿಸುತ್ತಾರೆ. ಕಚೇರಿ ಇರುವುದು ಬಸ್ ನಿಲ್ದಾಣದ ಎದುರು. ಸ್ಮಶಾನಕ್ಕೆ ಜನ್ಮದಲ್ಲಿ ಕಾಲಿಡದವರೂ ಬಸ್ಸು ಕಾಯುತ್ತ ಹಲಗೆ ಓದಿ ಪಂಡಿತರಾದರು.

ಅರ್ಜಿಗಳ ಕೆಲಸವೆಲ್ಲ ನನಗೇ ಬಂತು. ಸತ್ತವರಿಗೆ ತುಂಬುತ್ತಿದ್ದ ಹಾಗೇ ಬದುಕಿದ್ದವರಿಗೂ ತುಂಬಿದೆ, ಹಾಲವ್ವ ಹೇಳಿದ ಹದದಲ್ಲೇ. ನಾಲ್ಕನೇ ದಿನಕ್ಕೆ ಇರುವೆ ಬಂದವು. ಹಿಂದೆಲ್ಲ ಅಲ್ಲೊಂದು ಇಲ್ಲೊಂದು ಹೆಸರಿರುತ್ತಿತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಒಂದೇ ಸಲಕ್ಕೆ ಅರವತ್ತು ಎಪ್ಪತ್ತು. ಉಳಿ ಹೋದ ಹಾದಿಯಲ್ಲೇ ಸಾಲುಗಟ್ಟಿ, ದೀರ್ಘಕ್ಕೆ ದೀರ್ಘ, ಒತ್ತಿಗೆ ಒತ್ತು, ಬಿಳೀ ಸುಣ್ಣದ ಮೇಲೆ ಕಪ್ಪಗೆ, ಮರೆಯಾಗಬೇಕಿದ್ದ ಹೆಸರುಗಳೆಲ್ಲ ಎದ್ದು ಕೂತವು. ಮರೆ ಬೇಡ ಅಂದವರ ಹೆಸರು ಹತ್ತಿರ ಹೋದರೆ ಮಾತ್ರ ಕಾಣುತ್ತಿತ್ತು. ಮರೆ ಬೇಕು ಅಂದವರದು ರಸ್ತೆಯಿಂದಲೇ ಓದಲು ಸಿಕ್ಕಿತು. ಶಾಲೆಯ ಮೇಷ್ಟ್ರು ಮಕ್ಕಳನ್ನು ಕರೆತಂದು ತೋರಿಸಿದರಂತೆ, ಕಾಗುಣಿತ ಚೆನ್ನಾಗಿದೆ ಅಂತ.

ಇರುವೆಗಳಿಗೆ ನೋಟಿಸು ಕೊಡುವ ಹಾಗಿರಲಿಲ್ಲ, ನನಗೆ ಕೊಟ್ಟರು. ಇನ್ನು ಮುಂದೆ ಬೆಲ್ಲ ಕೂಡದು. ಸುಣ್ಣ, ಮರಳು, ನೀರು. ಅಂಟು ಬರದಿದ್ದರೂ ಚಿಂತೆಯಿಲ್ಲ. ನಾನು ಸಹಿ ಹಾಕಿ ಒಪ್ಪಿಕೊಂಡೆ. ತುಂಬಿದ್ದನ್ನೆಲ್ಲ ಕೆರೆದು ಮತ್ತೆ ತುಂಬುವುದರಲ್ಲಿ ಎರಡು ತಿಂಗಳು ಹೋಯಿತು. ಶ್ರೀಕಂಠಪ್ಪ ಆ ಸಾಲಿನಲ್ಲಿ ಕೊನೆಯವನು.

ಅವನ ‘ಪ್ಪ’ ಮುಗಿಸುತ್ತಿದ್ದಾಗ ಮೌನೇಶಪ್ಪ ಬಂದು ದೂರದಲ್ಲೇ ನಿಂತ.

“ನಿಮ್ಮ ಅತ್ತೆಯವರ ಕಲ್ಲು ನಿಲ್ಲಿಸಿದೆ ತಾಯಿ. ಮನೆಯವರಿಗೆ ಹೇಳಿ, ಬಂದು ನೋಡಲಿ.”

ಅತ್ತೆ ತೀರಿಕೊಂಡು ಆಗ ಮೂರು ತಿಂಗಳು. ಇಪ್ಪತ್ತೊಂಬತ್ತು ವರ್ಷ ಒಂದೇ ಒಲೆಯ ಎರಡು ಬದಿ ಕೂತವರು ನಾವು. ಕೊನೆಯ ಎರಡು ವರ್ಷ ಅವರ ಸ್ನಾನ, ಊಟ, ಬಾಚಣಿಗೆ ಎಲ್ಲ ನನ್ನ ಕೈಯಲ್ಲೇ ಆಗಬೇಕಿತ್ತು. ಪಟ್ಟಿ ಯಾವಾಗ ಬರೆಸಿದ್ದರು ಅನ್ನುವುದು ನನಗೂ ಗೊತ್ತಿರಲಿಲ್ಲ.

ಸಂಜೆ ನಾವು ಮೂವರೂ ಹೋದೆವು, ನಾನು, ಇವರು, ಇವರ ಅಕ್ಕ ನೀಲಕ್ಕ. ಕಲ್ಲಿನ ಮೇಲೆ ಮೊದಲು ಇವರ ಹೆಸರು, ಗುರುಪಾದಪ್ಪ. ಆಮೇಲೆ ನೀಲಮ್ಮ. ಆಮೇಲೆ ನಮ್ಮ ಮಗಳು ಗಿರಿಜೆ. ನಾಲ್ಕನೆಯದಾಗಿ, ಕೊನೆಯದಾಗಿ, ತಿಪ್ಪಮ್ಮ.

ಸೊಸೆ ವೈಜಯಂತಿ ಇರಲಿಲ್ಲ. ನೀಲಕ್ಕ ಕಲ್ಲಿನ ಹಿಂದೆ ಕೂಡ ಹೋಗಿ ನೋಡಿ ಬಂದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟರು. ಇಪ್ಪತ್ತೊಂಬತ್ತು ವರ್ಷದಲ್ಲಿ ಅದು ಮೊದಲ ಸಲ.

“ಬೇಜಾರು ಮಾಡ್ಕೋಬೇಡ ವೈಜೂ. ಅಮ್ಮನ ಬುದ್ಧಿ ನಿನಗೆ ಗೊತ್ತಲ್ಲ,” ಅಂದರು. ಅವರ ದನಿಯಲ್ಲಿ ಕನಿಕರವೂ ಇತ್ತು, ಹಬ್ಬದ ಉತ್ಸಾಹವೂ ಇತ್ತು. “ಅದಿರಲಿ, ಯಾರೋ ಇದು ಗುರು, ಈ ತಿಪ್ಪಮ್ಮ?”

“ನನಗೇನು ಗೊತ್ತು,” ಅಂದರು ಇವರು.

ನಾನು ಇವರ ಮುಖ ನೋಡಿದೆ. ಇವರದು ಗಡಿಯಾರ ರಿಪೇರಿ ಅಂಗಡಿ. ಇಪ್ಪತ್ತು ವರ್ಷದ ಹಿಂದೆ ಯಾರ ಗಡಿಯಾರಕ್ಕೆ ಯಾವ ಸ್ಪ್ರಿಂಗ್ ಹಾಕಿದ್ದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲವರು. ಈಗ ನೆನಪಾಗುತ್ತದೆ, ಇಗೋ ಈಗ, ಅಂತ ಕಾದೆ. ಇವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಕತ್ತಲಾಯ್ತು, ನಡೀರಿ,” ಅಂದರು.

ನನಗಿಂತ ಮೊದಲು ನನ್ನ ತಾಯಿಗೆ ಎರಡು ಮಕ್ಕಳು ಹುಟ್ಟಿ ಹುಟ್ಟಿ ಹೋಗಿದ್ದವು. ನಾನು ಹುಟ್ಟಿದ ದಿನ ನನ್ನನ್ನು ಒಂದು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು, ಯಾರೋ ಬಿಸಾಕಿದ ಕೂಸು ಅಂತ ಎತ್ತಿಕೊಂಡು ಬಂದು, ತಿಪ್ಪಮ್ಮ ಅಂತ ಕರೆದರು. ಸಾವು ಬಂದರೂ ಹೆಸರು ಕೇಳಿ ಅಸಹ್ಯಪಟ್ಟುಕೊಂಡು ಹೋಗಲಿ ಅಂತ. ನಮ್ಮದು ಹೊಳೆಯಾಚೆಯ ಊರು. ಅಲ್ಲಿ ಕಲ್ಲಿನ ಮೇಲೆ ಸತ್ತವರದೂ ಬರೆಯುವುದಿಲ್ಲ, ಉಳಿದವರದೂ ಬರೆಯುವುದಿಲ್ಲ, ತಲೆಯ ಕಡೆ ಒಂದು ಗುಂಡುಕಲ್ಲು ಇಡುತ್ತಾರೆ ಅಷ್ಟೆ. ಶಾಲೆಯ ಮೆಟ್ಟಿಲನ್ನು ನಾನು ಹತ್ತಿದವಳಲ್ಲ. ಓದು ಬರಹ ಕಲಿತದ್ದು ಇಲ್ಲಿಗೆ ಬಂದಮೇಲೆ, ಕಲ್ಲುಗಳ ಮೇಲೆ.

ಮದುವೆಯ ದಿನ, ಗಡಿಯಾರದ ಅಂಗಡಿಯವರ ಸೊಸೆಗೆ ಇದೆಂಥ ಹೆಸರು ಅಂತ ಅತ್ತೆ ಹೆಸರಿಟ್ಟರು. ಆಮೇಲೆ ಹೊಸದೊಂದು ಹೆಸರನ್ನೂ ಅವರೇ ಇಟ್ಟರು. ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ವೈಜಯಂತಿ ಅಂತ ಬರೆದವರು ಇವರು. ‘ವೈ’ ತಪ್ಪಿ ಎರಡು ಸಲ ಅಳಿಸಿ ಬರೆದರು. ತಟ್ಟೆ ಹಿಡಿದು ನಿಂತಿದ್ದದ್ದು ಇದೇ ನೀಲಕ್ಕ. ಮಾರನೆಯ ದಿನ ಆ ಅಕ್ಕಿಯಲ್ಲೇ ಪಾಯಸ ಮಾಡಿ ನನ್ನ ಹೊಸ ಹೆಸರನ್ನು ಎಲ್ಲರೂ ಉಂಡರು. ವಿಚಿತ್ರವೆಂದರೆ, ಅಷ್ಟು ಹಟ ಹಿಡಿದು ಹೆಸರಿಟ್ಟ ಅತ್ತೆ ಒಂದು ದಿನವೂ ನನ್ನನ್ನು ಆ ಹೆಸರಿನಿಂದ ಕರೆದವರಲ್ಲ. ಏನೇ, ಬಾರೇ, ಕೇಳಿಸ್ತೇನೇ. ಇಷ್ಟರಲ್ಲೇ ಇಪ್ಪತ್ತೊಂಬತ್ತು ವರ್ಷ ಸಾಗಿತು. ಮಾವನ ಕಲ್ಲಿನ ಮೇಲೆ ಮಾತ್ರ ವೈಜಯಂತಿ ಇದ್ದಾಳೆ, ಐದನೇ ಸಾಲಿನಲ್ಲಿ. ನಾನು ಆ ಕಡೆ ಹೋದಾಗಲೆಲ್ಲ ಯಾರೋ ಪರಿಚಯದವರನ್ನು ಕಂಡ ಹಾಗೆ ಅನಿಸುತ್ತದೆ.

ಅತ್ತೆಯದು ಹೊಸ ಕಲ್ಲಾದ್ದರಿಂದ, ಮರೆ ಕಚೇರಿಯ ನಿಯಮದಂತೆ, ಅದರ ಮೇಲಿರುವ ಪ್ರತಿ ಹೆಸರಿಗೂ ಹೆಸರಿನವರ ಒಪ್ಪಿಗೆ ಬೇಕಿತ್ತು. ಇವರು, ನೀಲಕ್ಕ, ಗಿರಿಜೆ ಹೋಗಿ ಬರೆದುಕೊಟ್ಟು ಬಂದರು. ನಾಲ್ಕನೆಯದಕ್ಕೆ ಹಲಗೆಯ ಮೇಲೆ ಪ್ರಕಟಣೆ ಬಿತ್ತು. ತಿಪ್ಪಮ್ಮ ಎಂಬವರು ಮೂವತ್ತು ದಿನದೊಳಗೆ ದಾಖಲೆ ಸಮೇತ ಹಾಜರಾಗಿ ಒಪ್ಪಿಗೆ ಕೊಡತಕ್ಕದ್ದು, ತಪ್ಪಿದಲ್ಲಿ ಅವರ ಖಾಸಗಿತನದ ಹಿತದೃಷ್ಟಿಯಿಂದ ಹೆಸರನ್ನು ತುಂಬಲಾಗುವುದು.

ಹತ್ತನೇ ದಿನ ನಾನು ಕಚೇರಿಗೆ ಹೋದೆ, ಸುಣ್ಣ ಕೊಳ್ಳಲು ಚೀಟಿ ಬರೆಸುವ ನೆಪದಲ್ಲಿ.

“ಸಾರ್, ಒಬ್ಬಳೇ ಹೆಂಗಸಿಗೆ ಎರಡು ಹೆಸರಿದ್ದರೆ ಏನು ಮಾಡ್ತೀರಿ?”

“ಯಾರಿಗೆ?” ಇಂದುಧರ ತಲೆಯೆತ್ತಿದ.

“ಯಾರಿಗೋ. ಸುಮ್ಮನೆ ಕೇಳಿದೆ.”

ಅವನು ನಿಯಮದ ಪುಸ್ತಕ ತಿರುವಿದ. “ಹಳೇ ಹೆಸರಿಗೆ ದಾಖಲೆ ಬೇಕು. ಇಲ್ಲ ಅಂದ್ರೆ, ಹೋದ ಒಂದು ವರ್ಷದಲ್ಲಿ ಆ ಹೆಸರಿಂದ ಕರೆದ ಇಬ್ಬರು ಸಾಕ್ಷಿ. ಜೊತೆಗೆ, ಹೊಸ ಹೆಸರಿನವರಿಂದ ನಮ್ಮದೇನೂ ಅಭ್ಯಂತರ ಇಲ್ಲ ಅಂತ ಒಂದು ಪತ್ರ.”

“ಹೊಸ ಹೆಸರಿನವಳೂ ಅವಳೇ ಅಲ್ಲವಾ ಸಾರ್?”

“ಸಾಬೀತಾಗೋವರೆಗೆ ಇಬ್ಬರು. ಸಾಬೀತಾದ ಮೇಲೆ ಪತ್ರ ಬೇಕಾಗಿಲ್ಲ.”

“ಸಾಬೀತು ಮಾಡೋದಕ್ಕೆ?”

“ಪತ್ರ ಬೇಕು.” ಅವನಿಗೇ ಒಂದು ಗಳಿಗೆ ಏನೋ ಎಡವಿದಂತಾಯಿತು. ಮುಖ ಒರೆಸಿಕೊಂಡ. “ಆಮೇಲೆ ಎಲ್ಲವನ್ನೂ ಹಲಗೆಗೆ ಅಂಟಿಸ್ತೀವಿ ಅಮ್ಮಾ. ಮೂವತ್ತು ದಿನ. ಯಾರದಾದರೂ ಆಕ್ಷೇಪಣೆ ಇರಬಹುದಲ್ಲ.”

ಗಡಿಯಾರದ ಗುರುಪಾದಪ್ಪನಿಗೆ ಹೆಂಡತಿಯ ಹೆಸರು ಗೊತ್ತಿಲ್ಲ ಅನ್ನುವುದನ್ನು ಮೂವತ್ತು ದಿನ ಬಸ್ಸು ಕಾಯುವವರೆಲ್ಲ ಓದುವುದನ್ನು ನೆನೆಸಿಕೊಂಡೆ. ನಗು ಬಂತು. ನಗುತ್ತಲೇ ಮನೆಯವರೆಗೆ ಬಂದೆ, ಬಾಗಿಲ ಹತ್ತಿರ ಬರುವಷ್ಟರಲ್ಲಿ ನಗು ಮುಗಿದಿತ್ತು.

ಮನೆಯಲ್ಲಿ ನೀಲಕ್ಕನ ತನಿಖೆ ನಡೆದೇ ಇತ್ತು. ಒಂದು ದಿನ ಆ ತಿಪ್ಪಮ್ಮ ಅಪ್ಪ ಇಟ್ಟುಕೊಂಡಿದ್ದವಳ ಮಗಳು. ಇನ್ನೊಂದು ದಿನ ಅಮ್ಮ ಮದುವೆಗೆ ಮೊದಲೇ ಹೆತ್ತವಳು. ನಾನೊಮ್ಮೆ ಹಿಟ್ಟು ನಾದುತ್ತ, “ನಮ್ಮ ಕಡೆ, ಹುಟ್ಟಿದ ಮಕ್ಕಳು ಉಳಿಯದಿದ್ದರೆ ಈ ಹೆಸರಿಡ್ತಾರೆ,” ಅಂದೆ. ಇದಕ್ಕಿಂತ ಹತ್ತಿರ ನನಗೆ ಹೋಗಲು ಬರಲಿಲ್ಲ.

“ಹಾಗಾದರೆ ನಿಮ್ಮ ಕಡೆಯವಳೇ ಇರಬೇಕು,” ಅಂದರು ಇವರು. “ನಿಮ್ಮೂರಲ್ಲಿ ಯಾರಾದರೂ ಇದ್ದರಾ ವಿಚಾರಿಸು.”

ವಿಚಾರಿಸುತ್ತೇನೆ ಅಂದೆ.

ಇಪ್ಪತ್ತನೇ ದಿನವೋ ಏನೋ, ಕುಂಬಾರಗೇರಿಯಿಂದ ಒಬ್ಬ ಹೆಂಗಸು ಬಂದಳು. ಮೊಸರು ಮಾರುವವಳು. ಮರೆ ಕಚೇರಿಯವರು ಊರಿನಲ್ಲಿದ್ದ ನಾಲ್ಕೂ ತಿಪ್ಪಮ್ಮಂದಿರಿಗೆ ನೋಟಿಸು ಕಳಿಸಿದ್ದರು. ತಾವು ಆ ತಿಪ್ಪಮ್ಮ ಅಲ್ಲ ಅಂತ ಸತ್ತವರ ಮನೆಯಿಂದ ಬರೆಸಿಕೊಂಡು ಬರಬೇಕಂತೆ. ಗಡಿಗೆ ಇಳಿಸಿ ಬಾಗಿಲಲ್ಲಿ ನಿಂತು, “ನಾನು ತಿಪ್ಪಮ್ಮ ಸ್ವಾಮಿ, ಆದರೆ ನಾನಲ್ಲ,” ಅಂದಳು.

ಇವರು ಎದ್ದು ನಿಂತರು. “ಬನ್ನಿ ತಿಪ್ಪಮ್ಮ, ಕೂತ್ಕೊಳ್ಳಿ.”

ನಾನು ನೀರಿನ ಲೋಟ ಹಿಡಿದುಕೊಂಡು ಅಡುಗೆಮನೆಯಿಂದ ಬರುತ್ತಿದ್ದೆ. ಹತ್ತಿರವಿದ್ದ ಕುರ್ಚಿಯಲ್ಲಿ ಕೂತುಬಿಟ್ಟೆ.

“ನೀನಲ್ಲ,” ಅಂದರು ಇವರು. “ಅವರಿಗೆ ಹೇಳಿದ್ದು.”

ಎದ್ದೆ. ಲೋಟದ ನೀರು ಸೀರೆಯ ಮೇಲೆ ಚೆಲ್ಲಿತ್ತು. ಇವರು ಕಾಗದ ಹುಡುಕಲು ಒಳಗೆ ಹೋದರು. ಮೊಸರಿನ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

“ತವರಲ್ಲಿ ನಿಮ್ಮನ್ನ ಏನಂತ ಕರೀತಿದ್ರು ತಾಯಿ?”

“ಎಂಥದೋ. ಮರೆತೇಹೋಗಿದೆ.”

ಇವರು ಬಂದು, ಮೇಜಿನ ಮೇಲೆ ಬಗ್ಗಿ, ಈಕೆ ಆಕೆಯಲ್ಲ ಅಂತ ಬರೆದು ಸಹಿ ಹಾಕಿದರು. ಅವಳು ಕಾಗದ ಮಡಿಸಿ ಸೆರಗಿಗೆ ಕಟ್ಟಿಕೊಂಡಳು. ಹೊರಡುವಾಗ ನಾನು ಗಡಿಗೆ ಎತ್ತಿ ಅವಳ ತಲೆಯ ಮೇಲಿಟ್ಟೆ.

“ಗಟ್ಟಿ ಹೆಸರು ನಮ್ಮದು,” ಅಂದಳು ಮೆಲ್ಲಗೆ. “ಸಾವೇ ಮೂಗು ಮುಚ್ಚಿಕೊಂಡು ಹೋಗುತ್ತೆ.”

ನಮ್ಮದು ಅಂದಳು, ನನ್ನದು ಅನ್ನಲಿಲ್ಲ. ಆ ವಾರವೆಲ್ಲ ಅವಳಿಂದಲೇ ಮೊಸರು ತೆಗೆದುಕೊಂಡೆ.

ಮೂವತ್ತು ದಿನ ಮುಗಿದವು. ಮೂವತ್ತೊಂದನೇ ದಿನ ಕಚೇರಿಯಿಂದ ಆದೇಶ ಬಂತು. ನಾಲ್ಕನೇ ಸಾಲಿನ ಹೆಸರಿನವರು ಪತ್ತೆಯಾಗದ ಕಾರಣ ಅದನ್ನು ನಾಳೆಯೇ ತುಂಬತಕ್ಕದ್ದು. ತುಂಬುವವರು, ಶ್ರೀಮತಿ ವೈಜಯಂತಿ. ತಲುಪಿದ್ದಕ್ಕೆ ಸಹಿ ಹಾಕಿದೆ. ‘ವೈ’ ತಪ್ಪದೆ ಬಂತು.

ಸಂಜೆ ಅಳತೆ ನೋಡಿಕೊಂಡು ಬರೋಣ ಅಂತ ಸ್ಮಶಾನಕ್ಕೆ ಹೋದೆ. ಎಷ್ಟು ಗಾರೆ ಬೇಕಾಗುತ್ತದೆ ಅಂತ ಮೊದಲೇ ಬೆರಳಿಟ್ಟು ನೋಡುವುದು ನನ್ನ ಅಭ್ಯಾಸ. ಬೇರೆ ಮೂರು ಹೆಸರುಗಳಲ್ಲಿ ಉಗುರು ಮುಳುಗುತ್ತಿತ್ತು. ತಿಪ್ಪಮ್ಮನಲ್ಲಿ ಬೆರಳಿನ ಮೊದಲ ಗೆಣ್ಣು ಪೂರ್ತಿ ಮುಳುಗಿತು.

ಮೌನೇಶಪ್ಪ ಆಚೆ ಕಲ್ಲಿನ ಹತ್ತಿರ ಉಳಿ ಮಸೆಯುತ್ತಿದ್ದ.

“ಇದೊಂದನ್ನ ಯಾಕೆ ಇಷ್ಟು ಆಳ ಕೆತ್ತಿದೆ ಮೌನೇಶಪ್ಪ? ಅರ್ಧ ಬೋಗುಣಿ ಗಾರೆ ಕುಡಿಯುತ್ತೆ.”

“ನಿಮ್ಮ ಅತ್ತೆಯವರೇ ಹೇಳಿದ್ದು ತಾಯಿ. ಇದನ್ನ ಆಳವಾಗಿ ಕೆತ್ತು, ಬೇಗ ಅಳಿಸಿ ಹೋಗೋ ಹೆಸರು ಅಂದರು.” ಅವನು ಉಳಿಯ ತುದಿಯನ್ನು ಹೆಬ್ಬೆರಳಿಗೆ ಒತ್ತಿ ನೋಡಿದ. “ಸೊಸೆ ಹೆಸರು ಬರೆಸಲಿಲ್ಲವಲ್ಲ ಅಮ್ಮಾ ಅಂತ ನಾನೇ ಬಾಯಿಬಿಟ್ಟು ಕೇಳಿದೆ. ಬರೆಸಿದೆನಲ್ಲ ಅಂದರು. ವಯಸ್ಸಾಗಿತ್ತು, ಮರೆವು ಅಂದುಕೊಂಡೆ.”

“ಮರೆವೇ ಇರಬೇಕು,” ಅಂದೆ.

ಕತ್ತಲಾಗುವವರೆಗೆ ಅಲ್ಲೇ ಕೂತಿದ್ದೆ ಅಂತ ಹೇಳಿದರೆ ಕಥೆಗೆ ಚೆನ್ನಾಗಿರುತ್ತದೆ. ಹಾಗೇನಿಲ್ಲ, ಮನೆಯಲ್ಲಿ ಹಾಲು ಕಾಯಿಸುವುದಿತ್ತು. ದಾರಿಯಲ್ಲಿ ಮಾತ್ರ ಯೋಚಿಸಿದೆ. ಅತ್ತೆ ಅದನ್ನು ಗೌರವಕ್ಕೆ ಬರೆಸಿದರೋ, ಕೊನೆಯದಾಗಿ ಒಮ್ಮೆ ಚುಚ್ಚಲಿಕ್ಕೆ ಬರೆಸಿದರೋ, ಈಗ ಕೇಳುವ ಹಾಗಿಲ್ಲ. ಅವರಿಗೂ ತವರಿನಲ್ಲಿ ಬೇರೆ ಹೆಸರೊಂದು ಇದ್ದಿರಬೇಕು. ನಾನು ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ಕೇಳದೆಯೂ ನನ್ನದನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವರು ಅವರು. ಊರಿಗೆಲ್ಲ ಕೇಳುವ ಹಾಗೆ ನಾನೇ ಅವಳು ಅಂತ ಹೇಳಲು ಮನಸ್ಸಿರಲಿಲ್ಲ. ಹೇಳಿಸಿಕೊಂಡು ನೆನಪು ಮಾಡಿಕೊಳ್ಳುವ ಗಂಡನನ್ನು ಕಟ್ಟಿಕೊಂಡು ಏನು ಮಾಡಲಿ? ಆದರೆ ಅಷ್ಟು ಆಳದ ಹೆಸರನ್ನು ಬರೀ ಸುಣ್ಣ ನೀರಿನಲ್ಲಿ ಮುಚ್ಚುವುದಕ್ಕೂ ಕೈ ಬರುತ್ತಿರಲಿಲ್ಲ.

ಬೆಳಿಗ್ಗೆ ಎದ್ದು ನೆನೆದ ಸುಣ್ಣವನ್ನು ಬೋಗುಣಿಗೆ ಬಗ್ಗಿಸಿದೆ. ಮರಳು ಜರಡಿ ಹಿಡಿದೆ. ಕೈಗೆ ಎಣ್ಣೆ ಹಚ್ಚಿಕೊಂಡೆ. ಆಮೇಲೆ ಒಂದು ಗಳಿಗೆ ನಿಂತು, ಅಡುಗೆಮನೆಗೆ ಹೋಗಿ, ಮೇಲಿನ ಹಲಗೆಯಿಂದ ಬೆಲ್ಲದ ಡಬ್ಬಿ ಇಳಿಸಿದೆ. ಅದರ ಮುಚ್ಚಳ ಬಿಗಿ. ತೆಗೆಯುವಾಗ ಟಪ್ ಅಂತು.

“ಏನೇ ಅದು ಸದ್ದು?” ಇವರು ನಡುಮನೆಯಲ್ಲಿ ಯಾರದೋ ಗಡಿಯಾರ ಬಿಚ್ಚಿಕೊಂಡು ಕೂತಿದ್ದರು, ಒಂದು ಕಣ್ಣಿಗೆ ಭೂತಗನ್ನಡಿ.

“ಬೆಲ್ಲದ ಡಬ್ಬಿ. ಇರುವೆ ಬಂದಿದೆಯೇನೋ ಅಂತ ನೋಡಿದೆ.”

“ಬಂದಿದೆಯಾ?”

ನಾನು ದೊಡ್ಡದೊಂದು ಅಚ್ಚು ಆರಿಸಿ ಸೆರಗಿನೊಳಗೆ ಇಟ್ಟುಕೊಂಡೆ.

“ಇನ್ನೂ ಇಲ್ಲ,” ಅಂದೆ.